ಯುದ್ಧಕಾಲದಲ್ಲಿ ಮಲಗಿದ ಕಾರುಗಳು

ಓಡುವ ಎಂಜಿನ್ ಸವೆಯುತ್ತದೆ. ಆದರೆ ಸುಮ್ಮನೆ ನಿಂತ ಎಂಜಿನ್ ಕೂಡ ಕೆಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರು ಮಾಲೀಕರು ಎದುರಿಸಿದ್ದು ಈ ಎರಡನೆಯ ಸಮಸ್ಯೆಯನ್ನು.

1939ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪೆಟ್ರೋಲ್ ಪಡಿತರ ಜಾರಿಗೆ ಬಂತು. 1942ರ ಜುಲೈನಲ್ಲಿ ಖಾಸಗಿ ಕಾರುಗಳಿಗಿದ್ದ ಸಾಮಾನ್ಯ ಪಡಿತರವೂ ರದ್ದಾಯಿತು. ವೈದ್ಯರಂಥ ಅಗತ್ಯ ಸೇವೆಯವರನ್ನು ಬಿಟ್ಟರೆ ಉಳಿದವರ ಕಾರುಗಳು ಶೆಡ್ ಸೇರಿದವು. ಯುದ್ಧ ಎಂದು ಮುಗಿಯುವುದೋ ಯಾರಿಗೂ ತಿಳಿದಿರಲಿಲ್ಲ.

ಹಾಗಾಗಿ ಕಾರು ನಿಲ್ಲಿಸುವುದೂ ಒಂದು ವಿದ್ಯೆಯಾಯಿತು. ಎಚ್ಚರದ ಮಾಲೀಕರು ಮೊದಲು ರೇಡಿಯೇಟರ್ ಮತ್ತು ಎಂಜಿನ್ನಿನ ನೀರನ್ನು ಪೂರ್ತಿ ಬಸಿದರು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎರಕದ ಕಬ್ಬಿಣವೂ ಬಿರುಕು ಬಿಡುತ್ತದೆ. ಹಳೆಯ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುವುದರಿಂದ ಹೊಸದನ್ನು ತುಂಬಿದರು. ಕಾರ್ಬೊರೇಟರ್‌ನಲ್ಲಿ ಉಳಿದ ಪೆಟ್ರೋಲ್ ಕ್ರಮೇಣ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಅದನ್ನೂ ಖಾಲಿ ಮಾಡಿದರು.

ಎಲ್ಲಕ್ಕಿಂತ ಮುಖ್ಯವಾದುದು ಸಿಲಿಂಡರ್. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸ್ವಲ್ಪ ಆಯಿಲ್ ಬಿಟ್ಟು, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದರೆ ಒಳಗೆಲ್ಲ ಎಣ್ಣೆಯ ಪದರ ಹರಡುತ್ತದೆ. ಇಲ್ಲದಿದ್ದರೆ ತೇವಕ್ಕೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಳ್ಳಬಹುದು.

ಆಗಾಗ ಐದು ನಿಮಿಷ ಎಂಜಿನ್ ಚಾಲೂ ಮಾಡಿದರೆ ಸಾಲದೇ? ಸಾಲದು. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗದಿದ್ದರೆ ಅದು ಒಳಗೇ ಹನಿಗಟ್ಟಿ ತುಕ್ಕಿಗೆ ದಾರಿ ಮಾಡುತ್ತದೆ.

1945ರ ಜೂನ್‌ನಲ್ಲಿ ಸಾಮಾನ್ಯ ಪಡಿತರ ಮರಳಿತು. ಆದರೆ ಹೊಸ ಕಾರು ಸುಲಭವಾಗಿ ಸಿಗುವಂತಿರಲಿಲ್ಲ. ಮೂರು ವರ್ಷಗಳ ಹಿಂದೆ ಸಿಲಿಂಡರಿಗೆ ಬಿಟ್ಟಿದ್ದ ಒಂದಿಷ್ಟು ಎಣ್ಣೆಯ ಬೆಲೆ ಗೊತ್ತಾದದ್ದು ಆಗ.