ಮೊದಲ ಕಂತು ಕಟ್ಟಿದ ಕತೆ

ಹೋದ ತಿಂಗಳು ಮಗಳು ಪುಣೆಯಿಂದ ಫೋನ್ ಮಾಡಿದ್ದಳು. "ಅಪ್ಪಾ, ಫ್ಲಾಟಿನ ಲೋನ್ ಕೈಗೆ ಬಂತು. ಇನ್ನು ಇ.ಎಂ.ಐ. ತಾನಾಗೇ ಕಟ್ ಆಗತ್ತೆ, ನಾನೇನೂ ಮಾಡ್ಬೇಕಾಗಿಲ್ಲ ಅಲ್ವಾ?" ಅಂತ ಕೇಳಿದಳು.

"ಮೊದಲನೇ ಕಂತು ಮಾತ್ರ ತಾನಾಗೇ ಆಗತ್ತೆ ಅಂತ ನಂಬ್ಬೇಡ ಮಾರಾಯ್ತಿ" ಅಂದೆ. ಅವಳು ನಕ್ಕಳು. ಪಕ್ಕದಲ್ಲಿದ್ದ ಇವಳು ಮಾತ್ರ ನಗಲಿಲ್ಲ. ನಮ್ಮ ಮನೆಯ ಮೊದಲ ಕಂತಿನ ಕತೆ ಅವಳಿಗೂ ನನಗೂ ಇನ್ನೂ ನೆನಪಿದೆ. ಆ ಕತೆ ಹೇಳುವ ನೆಪದಲ್ಲಿ, ನಮ್ಮಂಥ ಸಂಬಳದ ಜನ ಮನೆಯ ಕಂತು ಕಟ್ಟುವ ರೀತಿ ಈ ನೂರು ವರ್ಷಗಳಲ್ಲಿ ಹೇಗೆ ಬದಲಾಯ್ತು ಅನ್ನೋದನ್ನೂ ಬರೆಯೋಣ ಅನ್ನಿಸಿತು. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನಾನು ಮುಂಬೈಗೆ ಬಂದ ಹೊಸತರಲ್ಲಿ ಗಾಮದೇವಿ, ತಾಡದೇವ ಕಡೆ ಓಡಾಡುವಾಗ ಒಂದು ಹೆಸರು ಕಣ್ಣಿಗೆ ಬೀಳುತ್ತಿತ್ತು: ತಲ್ಮಕಿವಾಡಿ. ಇದೇನಪ್ಪಾ, ನಮ್ಮ ಉತ್ತರ ಕನ್ನಡದ ಕಡೆಯ ಹೆಸರು ಇಲ್ಲಿ ಅಂತ ಆಶ್ಚರ್ಯ. ಆಮೇಲೆ ತಿಳಿಯಿತು. ಶ್ರೀಪಾದ ಸುಬ್ರಾವ್ ತಲ್ಮಕಿ ಅನ್ನುವವರು ಚಿತ್ರಾಪುರ ಸಾರಸ್ವತ ಸಮಾಜದವರು. 1906ರಲ್ಲಿ ತಮ್ಮ ಗುರು ಶಾಮರಾವ್ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ ಮುಂಬೈಯಲ್ಲಿ ಸಹಕಾರಿ ಸಂಘ ಕಟ್ಟಿದರು. ಅದೇ ಮುಂದೆ ಬ್ಯಾಂಕಾಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ನಿರ್ಮಾಣ ಸಂಘ ಶುರುವಾಯಿತು. ಕೆನರಾ ಜಿಲ್ಲೆಗಳಿಂದ ಗುಮಾಸ್ತಗಿರಿಗೆ ಬಂದ ಜನ ಚಾಳುಗಳಲ್ಲಿ ಬಾಡಿಗೆ ಕೊಟ್ಟು ಸಾಕಾಗಿದ್ದ ಕಾಲ ಅದು. ಇದಕ್ಕೂ ಮುಂಚೆ 1909ರಲ್ಲೇ ಬೆಂಗಳೂರಿನಲ್ಲಿ ಮನೆ ಕಟ್ಟುವ ಸಹಕಾರಿ ಸಂಘವೊಂದು ಹುಟ್ಟಿತ್ತು. ಅಂದರೆ ಒಂದೇ ಸಲಕ್ಕೆ ದುಡ್ಡು ಇಲ್ಲದವನೂ ತಿಂಗಳು ತಿಂಗಳು ಕಟ್ಟಿ ಮನೆ ಕಾಣಬಹುದು ಅನ್ನುವ ವಿಚಾರದಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ!

ಗಾಮದೇವಿಯ ಪದ್ಧತಿಯಲ್ಲಿ ಕಟ್ಟಡ ಸಂಘದ್ದು, ಸದಸ್ಯರು ಸಂಘದ ಪಾಲುದಾರರು. ತಿಂಗಳಿಗಿಷ್ಟು ಅಂತ ಸಂಘಕ್ಕೇ ಕಟ್ಟಬೇಕು. ಸಾಲ ವಸೂಲಿ ಮಾಡುವವನೂ ನೆರೆಮನೆಯವನೇ, ಕಟ್ಟುವವನೂ ನೆರೆಮನೆಯವನೇ.

ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಸಾಮಾನ್ಯ ನೌಕರನಿಗೆ ಮನೆಸಾಲ ಅಂತ ಸುಲಭವಾಗಿ ಸಿಗುತ್ತಿರಲಿಲ್ಲ. ಬ್ಯಾಂಕುಗಳು ಕೈಗಾರಿಕೆಗೆ, ವ್ಯಾಪಾರಕ್ಕೆ ಸಾಲ ಕೊಡುತ್ತಿದ್ದವು. ನಮ್ಮಪ್ಪನ ಕಾಲದವರು ಪ್ರಾವಿಡೆಂಟ್ ಫಂಡು, ಹೆಂಡತಿಯ ಬಂಗಾರ, ಊರಿನ ಒಂದು ತುಂಡು ಗದ್ದೆ, ಇಷ್ಟನ್ನು ಸೇರಿಸಿ ರಿಟೈರಾಗುವ ಹೊತ್ತಿಗೆ ಮನೆ ಕಟ್ಟುತ್ತಿದ್ದರು. 1977ರಲ್ಲಿ ಎಚ್.ಟಿ. ಪಾರೇಖರು ಮುಂಬೈಯಲ್ಲಿ ಎಚ್.ಡಿ.ಎಫ್.ಸಿ. ಸ್ಥಾಪಿಸಿದರು. ಐ.ಸಿ.ಐ.ಸಿ.ಐ.ಯಿಂದ ನಿವೃತ್ತರಾದ ಮೇಲೆ ಕೈಗೆತ್ತಿಕೊಂಡ ಕೆಲಸ ಅದು. 1988ರಲ್ಲಿ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಬಂತು, 1989ರಲ್ಲಿ ಎಲ್.ಐ.ಸಿ.ಯ ಹೌಸಿಂಗ್ ಫೈನಾನ್ಸ್ ಕಂಪನಿ ಬಂತು. ನಲವತ್ತರ ಒಳಗೆ ಮನೆ ಮಾಡಬಹುದು ಎಂಬ ಧೈರ್ಯ ನಮ್ಮ ತಲೆಮಾರಿಗೆ ಬಂದದ್ದು ಹೀಗೆ.

ಈಗ ನನ್ನ ಕತೆಗೆ ಬರುತ್ತೇನೆ. 1994. ಡೊಂಬಿವಿಲಿಯಲ್ಲಿ ಫ್ಲಾಟು, ಬೆಲೆ 4,20,000 ರೂಪಾಯಿ. ಇವಳ ನಾಲ್ಕು ಬಳೆ ಮಾರಿ, ಪಿ.ಎಫ್. ತೆಗೆದು ಮುಂಗಡ ಹೊಂದಿಸಿದೆವು. ಉಳಿದ ಮೂರು ಲಕ್ಷ ಸಾಲ. ಬಡ್ಡಿ ನೂರಕ್ಕೆ 15, ಹದಿನೈದು ವರ್ಷ, ಕಂತು 4,275 ರೂಪಾಯಿ. ಸಾಲ ಕೊಟ್ಟ ಸಂಸ್ಥೆಯ ಹೆಸರು ಬೇಡ. ತಪ್ಪು ಅರ್ಧ ನನ್ನದೇ.

ಆಗ ಕಂತು ಕಟ್ಟುವುದು ಎಂದರೆ ಪೋಸ್ಟ್ ಡೇಟೆಡ್ ಚೆಕ್. ಮೂರು ವರ್ಷದ ಮೂವತ್ತಾರು ಚೆಕ್ಕುಗಳನ್ನು ಒಟ್ಟಿಗೆ ಬರೆದುಕೊಡಬೇಕು. ಒಂದು ಭಾನುವಾರ ಊಟ ಮುಗಿಸಿ ಕುಳಿತು ತಾರೀಖು, ಮೊತ್ತ, ಸಹಿ, ಮತ್ತೆ ತಾರೀಖು, ಮೊತ್ತ, ಸಹಿ... ಇಪ್ಪತ್ತನೆಯ ಚೆಕ್ಕಿಗೆ ನನ್ನ ಸಹಿ ನನಗೇ ಗುರುತು ಸಿಗದಂತಾಯಿತು. ಇವಳು ಪಕ್ಕದಲ್ಲಿ ಕೂತು ಒಂದೊಂದನ್ನೂ ತಾಳೆ ನೋಡಿದಳು. ಮೂವತ್ತಾರರ ಜೊತೆಗೆ ಇನ್ನೊಂದು ಚೆಕ್ಕನ್ನೂ ಕೇಳಿದ್ದರು. "ಮೊತ್ತ ನಾವು ತುಂಬಿಕೊಳ್ತೇವೆ, ಸಹಿ ಮಾತ್ರ ಹಾಕಿ ಕೊಡಿ" ಅಂದಿದ್ದರು. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಚೆಕ್ಕು ಮುರಿದ ತಿಂಗಳ ಬಡ್ಡಿಗೆ. ಸಾಲ ಬಿಡುಗಡೆಯಾದದ್ದು ನವೆಂಬರ್ 15ಕ್ಕೆ. ಕಂತಿನ ಲೆಕ್ಕ ಡಿಸೆಂಬರ್ ಒಂದರಿಂದ. ನಡುವಿನ ಹದಿನಾರು ದಿನದ ಬಡ್ಡಿ ಕಂತಿನಲ್ಲಿ ಸೇರುವುದಿಲ್ಲ, ಬೇರೆಯಾಗಿ ಕೊಡಬೇಕು. ಮೂರು ಲಕ್ಷಕ್ಕೆ ಶೇಕಡಾ 15ರಂತೆ ದಿನಕ್ಕೆ ಸುಮಾರು 123 ರೂಪಾಯಿ, ಹದಿನಾರು ದಿನಕ್ಕೆ 1,973. ನಾನು ಡಿಸೆಂಬರ್ 5ರ ಕಂತಿಗೆಂದು ಖಾತೆಯಲ್ಲಿ ಐದು ಸಾವಿರ ಚಿಲ್ಲರೆ ಇಟ್ಟು ನೆಮ್ಮದಿಯಾಗಿದ್ದೆ. ಸಂಬಳ ಬರುವುದು ಏಳಕ್ಕೆ. ಎರಡನೇ ತಾರೀಖಿಗೇ ಆ ಬಡ್ಡಿ ಚೆಕ್ಕು ಬಂದು 1,973 ರೂಪಾಯಿ ಎತ್ತಿಕೊಂಡು ಹೋಯಿತು. ಐದಕ್ಕೆ ಬಂದ ಮೊದಲ ಕಂತಿನ ಚೆಕ್ಕು, ಹಣ ಸಾಲದೆ, ವಾಪಸ್!

ಒಂದು ವಾರ ಕಳೆದು ರಿಜಿಸ್ಟರ್ಡ್ ಪತ್ರ ಬಂತು. ಅದರಲ್ಲಿ 138ನೇ ಕಲಮಿನ ಉಲ್ಲೇಖ. ಚೆಕ್ಕು ಬೌನ್ಸಾದರೆ ಅಪರಾಧ ಎನ್ನುವ ಆ ಕಲಮು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ ಸೇರಿದ್ದು 1989ರ ಏಪ್ರಿಲ್‌ನಲ್ಲಿ, ಹಾಗಾಗಿ ಆಗ ಎಲ್ಲರ ಬಾಯಲ್ಲೂ ಅದೇ. ಒಂದು ವರ್ಷದ ತನಕ ಜೈಲು ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಾಗಿ ಕೈಕಾಲು ತಣ್ಣಗಾಯಿತು. ನೋಟೀಸು ಸಿಕ್ಕ ಹದಿನೈದು ದಿನದೊಳಗೆ ಹಣ ಕೊಟ್ಟರೆ ಕೇಸು ನಿಲ್ಲುವುದಿಲ್ಲ ಅನ್ನುವುದೂ ಅದೇ ಕಾಯಿದೆಯಲ್ಲಿದೆ. ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಇವಳು ಏನೂ ಅನ್ನಲಿಲ್ಲ. ಬಳೆಯಿಲ್ಲದ ಕೈಯಲ್ಲಿ ಆ ಪತ್ರವನ್ನು ಮಡಚಿ ಇಟ್ಟಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ, ಗೆಳೆಯನಿಂದ ಸಾಲ ತಂದು, ನೋಟು ಜೇಬಿನಲ್ಲಿಟ್ಟುಕೊಂಡು ಫೋರ್ಟಿನ ಆ ಆಫೀಸಿಗೆ ಹೋದೆ. ಕೌಂಟರಿನಲ್ಲಿ "ನಗದು ತೆಗೆದುಕೊಳ್ಳುವುದಿಲ್ಲ, ಡಿಮ್ಯಾಂಡ್ ಡ್ರಾಫ್ಟ್ ತನ್ನಿ" ಅಂದರು. ಬ್ಯಾಂಕಿಗೆ ಓಡಿ ಕ್ಯೂ ನಿಂತು ಡ್ರಾಫ್ಟ್ ಮಾಡಿಸಿ, ದಂಡ ಸೇರಿಸಿ ಕಟ್ಟಿ, ರಸೀದಿ ಪಡೆದು ಹೊರಬರುವಾಗ ಸಂಜೆ ಐದು. ನಮ್ಮ ಮನೆಯ ಮೊದಲ ಕಂತು ಹೋದದ್ದು ಹೀಗೆ. ಆ ರಸೀದಿ ಇನ್ನೂ ಇದೆ.

ಅಂದ ಹಾಗೆ, ಅಷ್ಟು ಒದ್ದಾಡಿ ಕಟ್ಟಿದ ಆ 4,275ರಿಂದ ನಮ್ಮ ಅಸಲು ಎಷ್ಟು ಇಳಿಯಿತು ಗೊತ್ತೇ? ಒಂದು ಪೈಸೆಯೂ ಇಲ್ಲ! ಆಗ ಅನೇಕ ಸಂಸ್ಥೆಗಳು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹಾಕುತ್ತಿದ್ದವು. ನೀವು ತಿಂಗಳು ತಿಂಗಳು ಕಟ್ಟಿದ್ದನ್ನು ವರ್ಷದ ಕೊನೆಗೆ ಒಮ್ಮೆ ಮಾತ್ರ ಅಸಲಿನಿಂದ ಕಳೆಯುವುದು. ಅಲ್ಲಿಯವರೆಗೆ ಇಡೀ ಮೂರು ಲಕ್ಷಕ್ಕೆ ಬಡ್ಡಿ. ಅದೇ ಸಾಲ, ಅದೇ ದರ, ಲೆಕ್ಕ ಮಾತ್ರ ತಿಂಗಳಿಗೊಮ್ಮೆ ಅಂತಾಗಿದ್ದರೆ ಕಂತು 4,199 ಆಗುತ್ತಿತ್ತು. ವ್ಯತ್ಯಾಸ 76 ರೂಪಾಯಿ ಚಿಲ್ಲರೆ, ಹದಿನೈದು ವರ್ಷಕ್ಕೆ ಸುಮಾರು 13,800. ಒಪ್ಪಂದದಲ್ಲಿ ಎರಡೇ ಶಬ್ದದಲ್ಲಿ ಬರೆದಿತ್ತು. ಓದಲು ಪುರುಸೊತ್ತು ಯಾರಿಗಿತ್ತು?

ಆಮೇಲೆ ಕಾಲ ಬೇಗ ಬೇಗ ಬದಲಾಯಿತು. ತೊಂಬತ್ತರ ದಶಕದಲ್ಲೇ ರಿಸರ್ವ್ ಬ್ಯಾಂಕು ಇ.ಸಿ.ಎಸ್. ತಂದಿತ್ತು. ನಮ್ಮಂಥವರಿಗೆ ಅದು ಮುಟ್ಟಿದ್ದು ಹೊಸ ಶತಮಾನದಲ್ಲಿ. ಒಂದು ಫಾರಂ, ಒಂದು ಕ್ಯಾನ್ಸಲ್ ಮಾಡಿದ ಚೆಕ್ಕು, ಮೂವತ್ತಾರು ಸಹಿಯ ಬದಲು ಒಂದೇ ಸಹಿ. ಕಾಗದದ ಚೆಕ್ಕು ಹೋದರೂ ಭಯ ಹೋಗಲಿಲ್ಲ: 2007ರ ಪೇಮೆಂಟ್ ಆಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯಿದೆಯ 25ನೇ ಕಲಮು ಎಲೆಕ್ಟ್ರಾನಿಕ್ ಕಂತು ಹಣವಿಲ್ಲದೆ ವಾಪಸಾದರೂ ಚೆಕ್ಕಿನಷ್ಟೇ ಅಪರಾಧ ಎಂದಿತು. 2008ರಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಅದರ ನ್ಯಾಚ್ ವ್ಯವಸ್ಥೆ ಮುಂದೆ ಇ.ಸಿ.ಎಸ್.ನ ಜಾಗಕ್ಕೆ ಬಂತು. ಈಗ ಸಹಿಯೂ ಬೇಡ, ಡೆಬಿಟ್ ಕಾರ್ಡಿನಿಂದಲೋ ನೆಟ್ ಬ್ಯಾಂಕಿಂಗಿನಿಂದಲೋ ಒಪ್ಪಿಗೆ ಕೊಟ್ಟರೆ ಮುಗಿಯಿತು. 1977ರಲ್ಲಿ ಹುಟ್ಟಿದ ಆ ಎಚ್.ಡಿ.ಎಫ್.ಸಿ. ಕೂಡ 2023ರ ಜುಲೈ 1ರಂದು ತನ್ನದೇ ಹೆಸರಿನ ಬ್ಯಾಂಕಿನಲ್ಲಿ ವಿಲೀನವಾಯಿತು.

ಇಷ್ಟೆಲ್ಲ ಆದಮೇಲೆ ಮಗಳು "ನಾನೇನೂ ಮಾಡ್ಬೇಕಾಗಿಲ್ಲ ಅಲ್ವಾ" ಅಂದರೆ ತಪ್ಪಲ್ಲ. ಎರಡನೇ ಕಂತಿನಿಂದ ಅವಳ ಮಾತು ಬಹುಮಟ್ಟಿಗೆ ನಿಜವೂ ಹೌದು. ಮೊದಲನೆಯದಕ್ಕೆ ಮಾತ್ರ ಈಗಲೂ ಕಣ್ಣು ಬೇಕು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು, ಸಾಲ ಬಿಡುಗಡೆಯಾದ ದಿನದಿಂದ ಕಂತಿನ ಲೆಕ್ಕ ಶುರುವಾಗುವ ತನಕದ ಬಡ್ಡಿ ಎಷ್ಟು, ಅದನ್ನು ಬೇರೆಯಾಗಿ ಎಳೆಯುತ್ತಾರೋ ಕಂತಿಗೆ ಸೇರಿಸುತ್ತಾರೋ ಕೇಳಿ ಬರಹದಲ್ಲಿ ಪಡೆಯಬೇಕು. 40 ಲಕ್ಷಕ್ಕೆ ಶೇಕಡಾ 8.5 ಎಂದರೆ ದಿನಕ್ಕೆ ಸುಮಾರು 930 ರೂಪಾಯಿ, ಸಣ್ಣ ಮೊತ್ತವಲ್ಲ. ಕಟ್ಟಡ ಇನ್ನೂ ಏಳುತ್ತಿದ್ದರೆ, ಬಿಡುಗಡೆಯಾದ ಭಾಗಕ್ಕೆ ತಿಂಗಳುಗಟ್ಟಲೆ ಬರೀ ಬಡ್ಡಿ ಕಟ್ಟುವ ಪ್ರೀ-ಇ.ಎಂ.ಐ. ಪದ್ಧತಿಯೂ ಉಂಟು. ಅದರಿಂದ ಅಸಲು ಇಳಿಯುವುದಿಲ್ಲ. ಬಡ್ಡಿಯನ್ನು ಹಣ ನಿಜವಾಗಿ ಕೈಬಿಟ್ಟ ದಿನದಿಂದಲೇ ಎಣಿಸಬೇಕು, ಮಂಜೂರಾದ ದಿನದಿಂದಲ್ಲ ಅಂತ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಸಾಲ ಕೊಡುವವರಿಗೆ ಬರೆದಿದೆ. ಹಾಗಾಗಿ ಆ ದಿನಾಂಕವನ್ನು ನೀವೇ ತಾಳೆ ನೋಡಿ.

ಎರಡನೆಯದು, ನ್ಯಾಚ್ ಒಪ್ಪಿಗೆ ನೋಂದಣಿಯಾಯಿತೇ ಎಂದು ವಿಚಾರಿಸಬೇಕು. ನೀವು ಒಪ್ಪಿದ ದಿನವೇ ಅದು ಚಾಲೂ ಆಗಲೇಬೇಕೆಂದಿಲ್ಲ. ಅಷ್ಟರೊಳಗೆ ಮೊದಲ ಕಂತಿನ ತಾರೀಖು ಬಂದರೆ, ಸಂಸ್ಥೆಯ ವೆಬ್‌ಸೈಟಿನಲ್ಲೋ ಶಾಖೆಯಲ್ಲೋ ಸಾಲದ ಖಾತೆ ನಂಬರ್ ಹಾಕಿ ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕಟ್ಟಿದ ಮೇಲೆ ಅದೇ ತಿಂಗಳು ಮತ್ತೊಮ್ಮೆ ಎಳೆಯುತ್ತಾರೋ ಎಂದೂ ಕೇಳಿಕೊಳ್ಳಿ.

ಮೂರನೆಯದು, ದುಡ್ಡು ಹಿಂದಿನ ದಿನವೇ ಖಾತೆಯಲ್ಲಿರಲಿ. ಚೆಕ್ಕಿನ ಕಾಲದಲ್ಲಿ ಭಾನುವಾರ ಬಂದರೆ ಒಂದು ದಿನ ಉಸಿರಾಡಬಹುದಿತ್ತು. 2021ರ ಆಗಸ್ಟ್‌ನಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ. ಸಂಬಳದ ತಾರೀಖಿಗಿಂತ ಮುಂಚೆ ಕಂತು ಬೀಳುವ ಹಾಗಿದ್ದರೆ ತಾರೀಖು ಬದಲಿಸಿ ಎಂದು ಆರಂಭದಲ್ಲೇ ಕೇಳಿ.

ನಾಲ್ಕನೆಯದು, "ನಿಮ್ಮ ಸಾಲದ ಖಾತೆ ಬದಲಾಗಿದೆ, ಮೊದಲ ಕಂತು ಈ ನಂಬರಿಗೆ ಕಳಿಸಿ" ಎಂಬ ಮೆಸೇಜು ಬಂದರೆ ನಂಬಬೇಡಿ. ಒಪ್ಪಂದದ ಕಾಗದದಲ್ಲಿರುವ ಶಾಖೆಗೆ ಹೋಗಿ ಕೇಳಿ.

ಕೊನೆಗೆ, ಕಂತು ಹೋದಮೇಲೆ ಒಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿ. 40 ಲಕ್ಷಕ್ಕೆ ಇಪ್ಪತ್ತು ವರ್ಷದ ಕಂತು 34,713 ಆದರೆ ಮೊದಲ ತಿಂಗಳು ಬಡ್ಡಿಗೇ 28,333 ಹೋಗುತ್ತದೆ, ಅಸಲಿಗೆ 6,380 ಮಾತ್ರ. ನೋಡಿ ಬೇಜಾರಾಗುತ್ತದೆ, ನಿಜ. ಆದರೆ ಕೈಗೆ ನಾಲ್ಕು ಕಾಸು ಬಂದಾಗ ಅಸಲಿಗೆ ಕಟ್ಟಬೇಕು ಎನ್ನುವ ಬುದ್ಧಿ ಬರುವುದು ಅದನ್ನು ನೋಡಿದಾಗಲೇ.

ಗಾಮದೇವಿಯವರು ಕಂತನ್ನು ಕೊಟ್ಟದ್ದು ಗುರುತಿನ ಜನರಿಗೆ. ನಾನು ಕೊಟ್ಟದ್ದು ಚೆಕ್ಕಿನ ಹಾಳೆಗಳ ಮೇಲೆ. ಮಗಳ ಕಂತು ಅವಳು ನಿದ್ದೆಯಲ್ಲಿದ್ದಾಗಲೂ ಹೋಗುತ್ತದೆ. ಒಂದೊಂದು ಹೆಜ್ಜೆಗೂ ಒಂದೊಂದು ತೊಂದರೆ ಕಮ್ಮಿಯಾಯಿತು, ಅದರ ಜೊತೆಗೆ ನಾವು ನೋಡುವುದೂ ಕಮ್ಮಿಯಾಯಿತು. ನನ್ನ ಚೆಕ್ಕು ವಾಪಸ್ಸಾದದ್ದು ದುಡ್ಡಿಲ್ಲದೆ ಅಲ್ಲ, ಕೇಳದೆ. ಒಂದು ಪ್ರಶ್ನೆ ಕೇಳಿದ್ದರೆ ಇವಳು ಆ ಪತ್ರ ಓದಬೇಕಾಗಿರಲಿಲ್ಲ.

ಮಗಳು ಕೇಳಿದಳಂತೆ. ವಿಚಾರಿಸಿದರೆ ಅವಳ ನ್ಯಾಚ್ ಇನ್ನೂ ನೋಂದಣಿಯಾಗಿರಲೇ ಇಲ್ಲ! ತಾರೀಖಿಗೆ ಎರಡು ದಿನ ಮುಂಚೆ ತಾನೇ ಕಟ್ಟಿ, ರಸೀದಿಯ ಚಿತ್ರವನ್ನು ಅಮ್ಮನ ಮೊಬೈಲಿಗೆ ಕಳಿಸಿದ್ದಳು. ಇವಳು ಕನ್ನಡಕ ಹಾಕಿಕೊಂಡು ಮೊತ್ತ, ತಾರೀಖು ಎರಡನ್ನೂ ತಾಳೆ ನೋಡಿದಳು, ಆ ಭಾನುವಾರ ಮೂವತ್ತಾರು ಚೆಕ್ಕು ನೋಡಿದ ಹಾಗೆಯೇ.

"ಸರಿಯಾಗಿದೆ" ಅಂದಳು. ನನಗೂ ಸಮಾಧಾನವಾಯಿತು.

ನಿಮ್ಮ ಮೊದಲ ಕಂತು ಹೇಗೆ ಹೋಯಿತು? ನೆನಪಿದೆಯೇ?