ಬಾಗಿಲಲ್ಲಿ ನಿಂತ ವಿಮರ್ಶಕ

ಚಿತ್ರಗಳನ್ನು ನೋಡಿ ಬರೆಯುವವನ ಕೈಗೇ ಅವುಗಳನ್ನು ಆರಿಸುವ ಅಧಿಕಾರ ಬಂದರೆ ಏನಾದೀತು? ವಿಮರ್ಶೆ ತಪ್ಪಿದರೆ ವಾಚಕರು ನಕ್ಕು ಪುಟ ಮಗುಚಿಯಾರು. ಆಯ್ಕೆ ತಪ್ಪಿದರೆ ಒಂದು ಕೃತಿ ಲೋಕದ ಕಣ್ಣಿಗೇ ಬೀಳದೆ ಹೋದೀತು. ಫ್ರಾನ್ಸಿನ ಜೀಲ್ ಜಾಕೋಬರ ಬಾಳನ್ನು ನೆನೆದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

1930ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜಾಕೋಬರು ಇಪ್ಪತ್ತರ ಆಸುಪಾಸಿನಲ್ಲೇ 'ರಕೋರ್' ಎಂಬ ಚಲಚ್ಚಿತ್ರ ಪತ್ರಿಕೆಯನ್ನು ಹೊರಡಿಸಿದರು. ಮುಂದೆ 'ಲೆಕ್ಸ್‌ಪ್ರೆಸ್' ವಾರಪತ್ರಿಕೆಯಲ್ಲಿ ವಿಮರ್ಶಕರಾದರು. 1978ರಲ್ಲಿ ಕಾನ್ ಚಿತ್ರೋತ್ಸವದ ಆಯ್ಕೆಯ ಹೊಣೆ ಅವರದಾಯಿತು.

ಆ ಹೊಣೆಯ ತೂಕ ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. 1946ರ ಮೊದಲ ಉತ್ಸವದಿಂದ ಬಹುಕಾಲ, ಯಾವ ಚಿತ್ರ ಕಳುಹಿಸಬೇಕೆಂದು ಗೊತ್ತುಮಾಡುತ್ತಿದ್ದವರು ಆಯಾ ದೇಶದವರೇ. ಕಲೆಯೊಡನೆ ರಾಯಭಾರವೂ ಬೆರೆಯುತ್ತಿತ್ತು. ನಾಜಿ ಸೆರೆಶಿಬಿರಗಳನ್ನು ಕುರಿತ ಅಲೆನ್ ರೆನೆಯವರ ಕಿರುಚಿತ್ರವು 1956ರಲ್ಲಿ ಪಶ್ಚಿಮ ಜರ್ಮನಿಯ ಆಕ್ಷೇಪದಿಂದ ಸ್ಪರ್ಧೆಯ ಹೊರಗುಳಿಯಿತು. 1972ರಿಂದ ಆಯ್ಕೆ ಉತ್ಸವದ ಕೈಗೇ ಬಂದಿತು.

ಈ ಸ್ವಾತಂತ್ರ್ಯದ ಬೆಲೆಯನ್ನು ಜಾಕೋಬರು ಬಲ್ಲವರಾಗಿದ್ದರು. ಪೋಲೆಂಡಿನ ಅಧಿಕಾರಿಗಳಿಗೆ ಇರುಸುಮುರುಸು ತಂದಿದ್ದ ಆಂದ್ರೇಯ್ ವಾಯ್ದಾರ 'ಅಮೃತಶಿಲೆಯ ಮನುಷ್ಯ' ಅವರ ಮೊದಲ ವರ್ಷವೇ ಕಾನ್‌ನಲ್ಲಿ ತೆರೆ ಕಂಡಿತು. ಅದರ ಮುಂದಿನ ಕಥೆಯಾದ 'ಕಬ್ಬಿಣದ ಮನುಷ್ಯ' 1981ರಲ್ಲಿ ಅತ್ಯುನ್ನತ ಪಾರಿತೋಷಕವನ್ನೇ ಗಳಿಸಿತು.

ಆದರೂ, ಹೆಸರಾಂತವರಿಗೆ ಮಣೆ ಹಾಕುವುದಕ್ಕಿಂತ ಹೆಸರಿಲ್ಲದವರಿಗೆ ಎಡೆ ಮಾಡಿಕೊಟ್ಟದ್ದೇ ಅವರ ದೊಡ್ಡ ಕೆಲಸವೆಂದು ನಾನು ಭಾವಿಸುತ್ತೇನೆ. ಚೊಚ್ಚಲ ಚಿತ್ರಕ್ಕೆಂದೇ 'ಚಿನ್ನದ ಕ್ಯಾಮೆರಾ' ಬಹುಮಾನವನ್ನು ಅವರು 1978ರಲ್ಲಿ ಆರಂಭಿಸಿದರು. ಹೊಸ ಬಗೆಯ ಚಿತ್ರಗಳಿಗೆ ಬೇರೊಂದು ವಿಭಾಗವೂ ಅದೇ ವರ್ಷ ತೆರೆಯಿತು. 1988ರಲ್ಲಿ ಆ ಚಿನ್ನದ ಕ್ಯಾಮೆರಾ ಮೀರಾ ನಾಯರ್ ಅವರ 'ಸಲಾಂ ಬಾಂಬೆ'ಗೆ ಸಂದಿತು. 1998ರಲ್ಲಿ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗಾಗಿ 'ಸಿನೆಫಾಂದಾಸಿಯೋಂ' ಹುಟ್ಟಿತು.

ಪ್ರತಿವರ್ಷ ಅವೇ ಹೆಸರುಗಳು ಸ್ಪರ್ಧೆಗೆ ಮರಳುತ್ತವೆಂಬ ದೂರು ಕಾನ್ ಮೇಲಿದೆ. ಅದು ಸುಳ್ಳಲ್ಲ. ಬಾಗಿಲು ಕಾಯುವವನಿಗೆ ಪರಿಚಿತರ ಮುಖವೇ ಮೊದಲು ಕಾಣುವುದು ಮನುಷ್ಯಸಹಜ. ತನ್ನ ಆ ದೌರ್ಬಲ್ಯಕ್ಕೆ ಮದ್ದಾಗಿ ಪಕ್ಕದಲ್ಲೇ ಇನ್ನೊಂದು ಬಾಗಿಲನ್ನು ಇಡುವುದು ಮಾತ್ರ ವಿವೇಕ.

ಜಾಕೋಬರು 2001ರಿಂದ 2014ರವರೆಗೆ ಉತ್ಸವದ ಅಧ್ಯಕ್ಷರಾಗಿದ್ದು ನಿವೃತ್ತರಾದರು. ಅವರು ತೆರೆದ ವಿದ್ಯಾರ್ಥಿಗಳ ಬಾಗಿಲಿನಿಂದ 2024ರಲ್ಲಿ ಒಳಹೊಕ್ಕವರಲ್ಲಿ ನಮ್ಮ ಮೈಸೂರಿನ ಚಿದಾನಂದ ಎಸ್. ನಾಯಕರೂ ಒಬ್ಬರು. ಪುಣೆಯ ಚಿತ್ರಶಾಲೆಯಲ್ಲಿ ಅವರು ಮಾಡಿದ ಕನ್ನಡ ಕಿರುಚಿತ್ರ ಪ್ರಥಮ ಬಹುಮಾನ ಪಡೆಯಿತು. ಅದರ ವಸ್ತು ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೇ: ಮುದುಕಿ ಕೋಳಿಯನ್ನು ಕದ್ದೊಯ್ದಳು, ಊರಿಗೆ ಬೆಳಗಾಗಲಿಲ್ಲ.

ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂಬ ಭ್ರಮೆ ವಿಮರ್ಶಕರಿಗೂ ಉಂಟು, ಉತ್ಸವಗಳನ್ನು ನಡೆಸುವವರಿಗೂ ಉಂಟು. ಬೇರೆಯವರ ಕೋಳಿ ಕೂಗಲೆಂದು ಅಂಗಳದಲ್ಲಿ ಜಾಗ ಬಿಟ್ಟವರು ವಿರಳ.