ಇಬ್ರಾಹೀಮ್: ನಮ್ಮ ಮನೆಗಳಿಗೆ ಬಂದು ಉಳಿದ ಹೆಸರು

ಬಕ್ರೀದ್ ಹತ್ತಿರ ಬಂದಂತೆ ಜುಮಾ ಖುತ್ಬಾಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ: ಹಜರತ್ ಇಬ್ರಾಹೀಮ್ (ಅ). ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಮ್ಮ ಊರುಗಳಲ್ಲಿ ಈ ಹೆಸರು ಮಿಂಬರಿನ ಮೇಲಷ್ಟೇ ಇಲ್ಲ. ಹೊಲದಲ್ಲಿ, ಅಂಗಡಿಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇದೆ. ಬಂದೇನವಾಜ, ಲಾಡ್ಲೇಸಾಬ ಎಂಬ ಹೆಸರುಗಳು ಕಲಬುರಗಿ ಮತ್ತು ಆಳಂದದ ಔಲಿಯಾಗಳ ನೆನಪಿನಿಂದ ಬಂದವು. ಅವು ಈ ನೆಲದ್ದೇ ಹೆಸರುಗಳು. ಆದರೆ ದೂರದ ನಾಡಿನ ಇಬ್ರಾಹೀಮ್ ಇಲ್ಲಿ 'ಇಬ್ರಾಹಿಂಸಾಬ' ಆಗಿ ನಮ್ಮ ಅಜ್ಜಂದಿರ ಹೆಸರಾದದ್ದು ಹೇಗೆ? ಅದನ್ನು 'ಹಳೇ ಕಾಲದ ಹೆಸರು' ಎಂದು ಬದಿಗಿಡುವ ಮೊದಲು ನಾವು ಇದನ್ನು ತಿಳಿಯಬೇಕು.

ಈ ಹೆಸರು ನಮಗಿಂತ ಹಿಂದಿನ ಗ್ರಂಥದವರಲ್ಲಿಯೂ ಇದೆ. ಬೈಬಲಿನ ಆದಿಕಾಂಡದ 17ನೇ ಅಧ್ಯಾಯದಲ್ಲಿ ಅವರ ಮೊದಲಿನ ಹೆಸರು ಅಬ್ರಾಮ. ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ದೇವರು ಅದನ್ನು ಅಬ್ರಹಾಮ ಎಂದು ಬದಲಿಸಿದನೆಂದೂ, ಅನೇಕ ಜನಾಂಗಗಳ ತಂದೆ ಎಂಬ ಅರ್ಥ ಕೊಟ್ಟನೆಂದೂ ಅಲ್ಲಿ ಹೇಳಿದೆ. ನಮ್ಮ ಊರುಗಳ ಕ್ರೈಸ್ತ ಬಂಧುಗಳ ಅಬ್ರಹಾಂ, ನಮ್ಮ ಇಬ್ರಾಹೀಮ್, ಎರಡೂ ಒಂದೇ ಹೆಸರು. ಪವಿತ್ರ ಕುರ್‌ಆನಿನಲ್ಲಿ ಈ ಹೆಸರು 69 ಸಲ ಬಂದಿದೆ. 14ನೇ ಸೂರಾಕ್ಕೆ ಅವರದೇ ಹೆಸರಿದೆ. ಸೂರಾ ಹಜ್ಜ್‌ನ ಕೊನೆಯ ಆಯತ್ ಅವರನ್ನು ನಮ್ಮ ತಂದೆ ಎಂದೇ ಕರೆಯುತ್ತದೆ. ಪ್ರತಿ ನಮಾಜಿನ ಕೊನೆಯ ಕೂರುವಿಕೆಯಲ್ಲಿ ನಾವು ಓದುವ ದುರೂದಿನಲ್ಲಿ ಪ್ರವಾದಿಯವರ (ಸ) ಹೆಸರಿನ ಜೊತೆಗೆ ಬರುವುದು ಇಬ್ರಾಹೀಮರ ಹೆಸರೇ.

ಪ್ರವಾದಿಯವರಿಗೂ (ಸ) ಈ ಹೆಸರು ಪ್ರೀತಿಯದಾಗಿತ್ತು. ಅಬೂ ಮೂಸಾ ಅಶ್‌ಅರೀ (ರ) ತಮ್ಮ ಹಸುಗೂಸನ್ನು ತಂದಾಗ ಪ್ರವಾದಿಯವರು ಖರ್ಜೂರ ಅಗಿದು ಮಗುವಿನ ಬಾಯಿಗಿಟ್ಟು, ಬರಕತ್ತಿಗಾಗಿ ದುಆ ಮಾಡಿ, ಇಬ್ರಾಹೀಮ್ ಎಂದು ಹೆಸರಿಟ್ಟರು. ಹಜರತ್ ಮಾರಿಯಾರಿಂದ (ರ) ತಮಗೆ ಮಗ ಹುಟ್ಟಿದಾಗಲೂ ತಮ್ಮ ಹಿರಿಯರಾದ ಇಬ್ರಾಹೀಮರ ಹೆಸರನ್ನೇ ಇಟ್ಟರು. ಆ ಕೂಸು ಎರಡು ವರ್ಷ ತುಂಬುವ ಮುನ್ನವೇ ತೀರಿಕೊಂಡಿತು. ಪ್ರವಾದಿಯವರ ಕಣ್ಣಲ್ಲಿ ನೀರು ಬಂತು, ಆದರೆ ಬಾಯಿಂದ ದೂರಿನ ಒಂದು ಮಾತೂ ಬರಲಿಲ್ಲ. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಗ್ರಹಣ ಹಿಡಿಯಿತೆಂದು ಜನ ಆಡಿಕೊಂಡಾಗ ಪ್ರವಾದಿಯವರು ಅದನ್ನು ತಿದ್ದಿದರು: ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರ ಸಾವಿಗೂ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದರು. ಮಗನನ್ನು ಕಳೆದುಕೊಂಡ ದಿನವೂ ಮೂಢನಂಬಿಕೆಗೆ ಎಡೆ ಕೊಡಲಿಲ್ಲ. ವಿಗ್ರಹಗಳ ನಡುವೆ ಹುಟ್ಟಿ, ನಕ್ಷತ್ರ, ಚಂದ್ರ, ಸೂರ್ಯ ಮುಳುಗುವುದನ್ನು ತೋರಿಸಿ ಒಬ್ಬನೇ ಒಡೆಯನ ಕಡೆಗೆ ಕರೆದ ಹಿರಿಯ ಇಬ್ರಾಹೀಮರ ದಾರಿಯೂ ಇದೇ ಅಲ್ಲವೇ?

ನಮ್ಮ ಸೀಮೆಗೆ ಈ ಹೆಸರು ಇನ್ನೂ ಎರಡು ದಾರಿಗಳಿಂದ ಬಂದಿದೆ. ಒಂದು ಸೂಫಿಗಳ ದಾರಿ. 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ಕಣ್ಮುಚ್ಚಿದ ಖ್ವಾಜಾ ಬಂದೇನವಾಜರು ಚಿಶ್ತಿ ಸಿಲ್ಸಿಲಾದವರು. ಆ ಸಿಲ್ಸಿಲಾದ ಶಜರಾದಲ್ಲಿ ಇಬ್ರಾಹೀಮ್ ಬಿನ್ ಅದ್‌ಹಮ್ ಅವರ ಹೆಸರಿದೆ. ಅವರು ಎಂಟನೇ ಶತಮಾನದವರು. ಬಲ್ಖ್‌ನ ರಾಜವೈಭವ ಬಿಟ್ಟು ಫಕೀರರಾದರೆಂದು ಸೂಫಿ ಪರಂಪರೆ ಅವರನ್ನು ನೆನೆಯುತ್ತದೆ. ಶಜರಾ ಓದುವ ಮನೆಗಳಲ್ಲಿ ಹೀಗೆ ಈ ಹೆಸರು ಕಿವಿಗೆ ಬೀಳುತ್ತಲೇ ಬಂದಿದೆ.

ಇನ್ನೊಂದು ದಖ್ಖನಿನ ದರಬಾರಿನ ದಾರಿ. ಅಫಜಲಪುರ, ಜೇವರ್ಗಿಗಳ ನೆರೆಯ ವಿಜಯಪುರದಲ್ಲಿ ಈ ಹೆಸರಿನ ಇಬ್ಬರು ಆದಿಲಶಾಹಿ ಸುಲ್ತಾನರು ಆಳಿದರು. 1534ರಿಂದ 1558ರವರೆಗೆ ಆಳಿದ ಮೊದಲನೆಯ ಇಬ್ರಾಹೀಮ್, ಲೆಕ್ಕಪತ್ರಗಳನ್ನು ಪಾರ್ಸಿಯ ಬದಲು ನಾಡಿನ ಭಾಷೆಯಲ್ಲಿ ಇಡಿಸಿದ. ಎರಡನೆಯ ಇಬ್ರಾಹೀಮ್ 1580ರಲ್ಲಿ ಬಾಲಕನಾಗಿಯೇ ಪಟ್ಟಕ್ಕೆ ಬಂದು 1627ರವರೆಗೆ ಆಳಿದ. ದಖನಿಯಲ್ಲಿ 'ಕಿತಾಬೆ ನವರಸ್' ಬರೆದ, ಅದರಲ್ಲಿ ನಮ್ಮ ಬಂದೇನವಾಜರನ್ನು ಸ್ಮರಿಸಿದ. ಜನ ಅವನನ್ನು ಜಗದ್ಗುರು ಬಾದಶಾಹ ಎಂದರು. ಅವನ ಸಮಾಧಿಯಾದ ಇಬ್ರಾಹೀಮ್ ರೋಜಾ ಇಂದಿಗೂ ನಿಂತಿದೆ.

ಅರಮನೆಯ ಹೆಸರು ಬಡವರ ಮನೆಯಲ್ಲಿಯೂ ಬೆಳಗಬಲ್ಲದು ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಮಹಾಲಿಂಗಪುರದ ಇಬ್ರಾಹಿಂ ಸುತಾರ. 1940ರಲ್ಲಿ ಹುಟ್ಟಿದ ಅವರು ವಚನ, ತತ್ವಪದ, ಸೂಫಿ ವಿಚಾರಗಳನ್ನು ಕನ್ನಡದಲ್ಲಿ ಹಾಡಿ, ವಿವರಿಸಿ ಊರೂರು ತಿರುಗಿದರು. ಜನ ಅವರನ್ನು ಕನ್ನಡದ ಕಬೀರ ಎಂದು ಕರೆದರು. 2018ರಲ್ಲಿ ಪದ್ಮಶ್ರೀ ಬಂತು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲ ಧರ್ಮದವರೂ ಮರುಗಿದರು.

ಇಷ್ಟೆಲ್ಲ ಇದ್ದರೂ ಈ ಹೆಸರಿನ ನಿಜವಾದ ಸೆಳೆತ ಅರಸರಿಂದ ಬಂದದ್ದಲ್ಲ. ಕುರ್‌ಆನ್ ತೋರಿಸುವ ಇಬ್ರಾಹೀಮ್ (ಅ) ಮಗನೂ ಹೌದು, ತಂದೆಯೂ ಹೌದು. ಮಗನಾಗಿ ಅವರು ಸತ್ಯವನ್ನು ಬಿಡಲಿಲ್ಲ. ಆದರೂ ಕಲ್ಲೆಸೆದು ಕೊಲ್ಲುವೆನೆಂದ ತಂದೆಗೆ 'ಓ ನನ್ನ ಅಪ್ಪಾ' ಎಂದೇ ಮಾತಾಡಿದರು, ಸಲಾಮ್ ಹೇಳಿಯೇ ದೂರವಾದರು. ತಂದೆಯಾಗಿ, ಬಲಿಯ ಕನಸು ಕಂಡ ಮೇಲೂ ಮಗನನ್ನು ಎಳೆದೊಯ್ಯಲಿಲ್ಲ. ನಿನಗೇನನ್ನಿಸುತ್ತದೆ ಎಂದು ಕೇಳಿದರು. ಗುರುತಿಲ್ಲದ ಅತಿಥಿಗಳು ಬಂದಾಗ ಹೆಸರು ಕೇಳುತ್ತ ಕೂಡದೆ ಕರುವಿನ ಮಾಂಸ ತಂದಿಟ್ಟರು. ಮಗನ ಜೊತೆ ಸೇರಿ ಕಾಬಾದ ಗೋಡೆ ಎತ್ತಿದರು. ತಂದೆ ಮಕ್ಕಳ ನಡುವೆ ಮಾತೇ ನಿಂತುಹೋಗುತ್ತಿರುವ ಇಂದಿನ ಮನೆಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಮೊಬೈಲಿನಲ್ಲಿ ಹುಡುಕಿ ಹೊಸ ಹೆಸರಿಡುವುದು ತಪ್ಪಲ್ಲ. ಅರ್ಥ ಒಳ್ಳೆಯದಿದ್ದರೆ ಸಾಕು. ಆದರೆ ಅಕೀಕಾದ ದಿನ ಇಬ್ರಾಹೀಮ್ ಎಂದು ಹೆಸರಿಡುವವರು ಎರಡು ಕೆಲಸ ಮರೆಯಬಾರದು. ಮೊದಲನೆಯದು, ಇಬ್ರಾಹಿಂ, ಇಬ್ರಾಹೀಮ್, ಇಬ್ರಾಹಿಮಸಾಬ ಎಂದು ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗದಂತೆ ಜನನ ಪ್ರಮಾಣಪತ್ರದಿಂದ ಆಧಾರ್‌ವರೆಗೆ ಒಂದೇ ರೀತಿ ಬರೆಸುವುದು. ಮುಂದೆ ಮಗು ಕಚೇರಿಗಳಿಗೆ ಅಲೆಯುವುದು ತಪ್ಪುತ್ತದೆ. ಎರಡನೆಯದು ಇನ್ನೂ ದೊಡ್ಡದು: ಈ ಹೆಸರು ಯಾರದು ಎಂದು ಮಗುವಿಗೆ ತಾಯಿತಂದೆಯರೇ ಕೂಡಿಸಿಕೊಂಡು ಹೇಳುವುದು. ಕಥೆ ತಿಳಿಯದ ಮಗುವಿಗೆ ಹೆಸರು ಬರೀ ಸದ್ದಾಗಿ ಉಳಿಯುತ್ತದೆ.

ನಮ್ಮ ಮಕ್ಕಳಿಗೆ ಇಬ್ರಾಹೀಮರ ಹೆಸರಿನ ಜೊತೆಗೆ ಅವರ ಗುಣವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.